ಬೇವಿನಕಟ್ಟೆಯ ನಗೆ: ಬೀಚಿಯವರ ಬಾಳು

ಪ್ರಾಯ ಸಂದವರು ಬಾಯಿ ತುಂಬ ನಕ್ಕರೆ ನಮ್ಮಲ್ಲಿ ಹಲವರಿಗೆ ಅದು ಸರಿಕಾಣುವುದಿಲ್ಲ. ಅರುವತ್ತಕ್ಕೆ ಅರಳುಮರಳು ಎಂಬ ಗಾದೆ ನಮ್ಮ ನಾಲಗೆಯ ತುದಿಯಲ್ಲೇ ಕಾದು ಕುಳಿತಿರುತ್ತದೆ. ಅಜ್ಜನೆಂದರೆ ಚಾವಡಿಯ ಮೂಲೆಯಲ್ಲಿ ಗಂಭೀರವಾಗಿ ಕುಳಿತಿರಬೇಕು, ಅಜ್ಜಿಯೆಂದರೆ ದೇವರ ನಾಮ ಹೇಳುತ್ತ ಬತ್ತಿ ಹೊಸೆಯುತ್ತಿರಬೇಕು. ಕೈಯಲ್ಲಿ ಮದ್ದಿನ ಕುಪ್ಪಿ, ಬಾಯಲ್ಲಿ ಗಂಟುನೋವಿನ ಕಥೆ, ಮುಪ್ಪೆಂದರೆ ಇಷ್ಟೇ ಎಂಬ ಭಾವನೆ ಬೇರೂರಿಬಿಟ್ಟಿದೆ. ನಗುವೆಂಬುದು ಸುಖವಾಗಿರುವವರ ಸೊತ್ತು, ಕಷ್ಟ ಕಂಡವರಿಗೆ ಅದು ಸಲ್ಲದು ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. ಈ ಎರಡನ್ನೂ ತಮ್ಮ ಬಾಳಿನಿಂದಲೇ ಸುಳ್ಳು ಮಾಡಿ ತೋರಿಸಿದ ಕನ್ನಡಿಗರೊಬ್ಬರಿದ್ದರು. ಹೆಸರು ರಾಯಸಂ ಭೀಮಸೇನರಾಯರು. ಹಾಗೆಂದರೆ ಯಾರೆಂದು ಕೇಳುವವರೂ ಬೀಚಿ ಎಂದೊಡನೆ ಮುಗುಳ್ನಗುತ್ತಾರೆ. ಅವರು ತೀರಿಕೊಂಡು ನಾಲ್ಕು ದಶಕಗಳು ಕಳೆದರೂ ಅವರ ಹೆಸರಿಗೆ ಆ ಶಕ್ತಿ ಉಳಿದಿದೆ. ಅವರ ಬಾಳಿನ ಕಥೆಯನ್ನು ನಮ್ಮ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹರಿದು ಹಂಚಿದ ಜಿಲ್ಲೆ

ಬೀಚಿಯವರನ್ನು ತಿಳಿಯಬೇಕಾದರೆ ಮೊದಲು ಅವರ ಸೀಮೆಯನ್ನು ತಿಳಿಯಬೇಕು. ನಮ್ಮ ಗಡಿನಾಡಿನ ಎಷ್ಟೋ ಕುಟುಂಬಗಳು ಮಂತ್ರಾಲಯಕ್ಕೆ ಯಾತ್ರೆ ಹೋಗಿಬಂದಿವೆ. ಆ ದಾರಿಯಲ್ಲಿ ಆದವಾನಿ ಎಂಬ ಊರು ಸಿಗುತ್ತದೆ. ತೆಲುಗಿನವರು ಅದನ್ನು ಆದೋನಿ ಎನ್ನುತ್ತಾರೆ. ಹತ್ತಿಯ ವ್ಯಾಪಾರಕ್ಕೆ ಹೆಸರಾದ ಊರು ಅದು. ಸುತ್ತಲೂ ಎರೆಮಣ್ಣಿನ ಬಯಲು, ನಡುನಡುವೆ ಬೋಳು ಬಂಡೆಗಳ ಗುಡ್ಡ. ನಿಲ್ದಾಣದ ಬೋರ್ಡು ತೆಲುಗಿನಲ್ಲಿದ್ದರೂ, ಬಸ್ಸು ಇಳಿದು ನಾಲ್ಕು ಹೆಜ್ಜೆ ನಡೆದರೆ ಕನ್ನಡದ ಮಾತು ಕಿವಿಗೆ ಬೀಳುತ್ತದೆ. ಆದವಾನಿ, ಆಲೂರು, ಹೊಳಗುಂದ, ಕೌತಾಳ, ಕೋಸಿಗಿ, ಹೀಗೆ ಕರ್ನೂಲು ಜಿಲ್ಲೆಯ ಪಡುವಣ ಅಂಚಿನ ಉದ್ದಕ್ಕೂ ಕನ್ನಡದ ಮನೆಗಳಿವೆ. ಅವರ ಮಕ್ಕಳು ಓದುವ ಕನ್ನಡ ಶಾಲೆಗಳೂ ಅಲ್ಲಿವೆ. ದಾಸಸಾಹಿತ್ಯದಲ್ಲಿ ದೊಡ್ಡ ಹೆಸರಾದ ವಿಜಯದಾಸರು 1755ರಲ್ಲಿ ದೇಹ ಬಿಟ್ಟ ಚಿಪ್ಪಗಿರಿಯೂ ಇದೇ ಸೀಮೆಯದು.

ಇವೆಲ್ಲ ಒಂದು ಕಾಲಕ್ಕೆ ಬಳ್ಳಾರಿ ಜಿಲ್ಲೆಯ ಊರುಗಳು. 1800ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರದೇಶವನ್ನು ಇಂಗ್ಲಿಷರ ಕಂಪೆನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ಜಿಲ್ಲೆಯು ಮದ್ರಾಸು ಆಧಿಪತ್ಯಕ್ಕೆ ಸೇರಿತು. ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು ಅದೇ ಮದ್ರಾಸಿಗೆ ಸೇರಿತ್ತಲ್ಲವೇ? ಹಾಗೆ ನೋಡಿದರೆ ಅವರೂ ನಾವೂ ಒಂದೇ ಮನೆಯ ಎರಡು ಕೋಣೆಗಳಲ್ಲಿದ್ದವರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯನ್ನು ಹಂಚಲಾಯಿತು. ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲೂಕುಗಳು ಆಂಧ್ರಕ್ಕೆ ಹೋದವು. ಆದವಾನಿ ಆಲೂರುಗಳು ಕರ್ನೂಲಿಗೂ ರಾಯದುರ್ಗ ಅನಂತಪುರಕ್ಕೂ ಸೇರಿದವು. ಬಳ್ಳಾರಿ, ಹೊಸಪೇಟೆ, ಹರಪನಹಳ್ಳಿ ಮೊದಲಾದವು ಮೈಸೂರಿಗೆ ಬಂದವು. ಮೂರು ವರ್ಷ ಕಳೆದು 1956ರ ನವೆಂಬರ್ 1ರಂದು ನಮ್ಮ ಸರದಿ ಬಂತು. ಆದುದರಿಂದ ಆದವಾನಿಯ ಕನ್ನಡಿಗರ ಸುಖದುಃಖವನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಹಂಚಿಕೆಗಿಂತ ಮೊದಲಿನ ಅವಿಭಜಿತ ಬಳ್ಳಾರಿ ಜಿಲ್ಲೆಯೇ ಬೀಚಿಯವರನ್ನು ಹೆತ್ತು ಬೆಳೆಸಿದ್ದು. ಬಿಸಿಲು ಹೆಚ್ಚು, ಮಳೆ ಕಡಿಮೆ. 1876ರಿಂದ 1878ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಭೀಕರ ಕ್ಷಾಮದಲ್ಲಿ ಮದ್ರಾಸು ಆಧಿಪತ್ಯದಲ್ಲಿ ಬಹಳ ಹೆಚ್ಚು ನೊಂದ ಜಿಲ್ಲೆಗಳ ಪೈಕಿ ಇದೂ ಒಂದು. ಇಂತಹ ನೆಲದಲ್ಲಿ ನಗೆಯ ಬೆಳೆ ಬರುತ್ತದೆಂದು ಯಾರು ತಾನೆ ಎಣಿಸಿಯಾರು? ಆದರೂ ಬಂತು. ಆ ಸೀಮೆಯಲ್ಲಿ ಮನೆಯ ಮಾತು ಕನ್ನಡ, ಸಂತೆಯ ಮಾತು ತೆಲುಗು, ಗಾಡಿಯವನ ಮಾತು ಉರ್ದು, ಕಚೇರಿಯ ಮಾತು ಇಂಗ್ಲಿಷು. ನಾಲ್ಕು ಭಾಷೆಗಳು ಒಂದೇ ಬೀದಿಯಲ್ಲಿ ಢಿಕ್ಕಿ ಹೊಡೆಯುವಲ್ಲಿ ಅರ್ಥ ಅನರ್ಥವಾಗುವುದು ನಿತ್ಯದ ಸಂಗತಿ. ಅದರಲ್ಲಿ ಜಗಳವನ್ನು ಕಾಣುವವರೂ ಉಂಟು, ನಗೆಯನ್ನು ಕಾಣುವವರೂ ಉಂಟು. ಬೀಚಿ ಎರಡನೆಯ ಗುಂಪಿನವರು.

ಅನಾಥ ಬಾಲ್ಯ, ಪೊಲೀಸು ಕಚೇರಿ

ಭೀಮಸೇನರಾಯರು ಹುಟ್ಟಿದ್ದು 1913ರ ಏಪ್ರಿಲ್ 23ರಂದು, ಹರಪನಹಳ್ಳಿಯಲ್ಲಿ. ತಂದೆ ಶ್ರೀನಿವಾಸರಾಯರು, ತಾಯಿ ಭಾರತಮ್ಮ. ಮನೆತನದ ಹೆಸರಾದ ರಾಯಸ ಎಂಬುದಕ್ಕೆ ಹಿಂದಿನ ಕಾಲದಲ್ಲಿ ಬರವಣಿಗೆಯ ಉದ್ಯೋಗ ಎಂದು ಅರ್ಥವಿತ್ತು. ಅರಸರ, ಪಾಳೆಯಗಾರರ ಪತ್ರಗಳನ್ನು ಬರೆಯುವವನು ರಾಯಸದವನು. ಮುಂದೆ ಈ ವಂಶದ ಕುಡಿಯೊಂದು ಬರೆದೇ ಹೆಸರು ಮಾಡಿದುದು ಸೋಜಿಗದ ಕೂಡಿಕೆಯೆನ್ನಬೇಕು. ಆದರೆ ಬಾಲ್ಯದಲ್ಲಿ ಹೆಸರಲ್ಲಿ ಹೊರತು ಬೇರೆಲ್ಲಿಯೂ ಸಿರಿ ಇರಲಿಲ್ಲ. ತಂದೆ ತಾಯಿಯರ ಆಸರೆ ಎಳವೆಯಲ್ಲಿಯೇ ತಪ್ಪಿತು. ಬಂಧುಗಳ ಮನೆಯಲ್ಲಿ ಬೆಳೆಯುವ ಹುಡುಗನ ಕಷ್ಟ ಎಂತಹದೆಂದು ಹಳೆಯ ತಲೆಮಾರಿನ ನಮ್ಮ ವಾಚಕರಿಗೆ ಗೊತ್ತು. ಊಟ ಸಿಗುತ್ತದೆ, ಆದರೆ ಇನ್ನೊಂದು ಹಿಡಿ ಬೇಕೆಂದು ಕೇಳುವ ಧೈರ್ಯ ಬರುವುದಿಲ್ಲ. ಅಂತಹ ಮಕ್ಕಳು ಎರಡು ಬಗೆಯಾಗಿ ಬೆಳೆಯುವುದುಂಟು. ಕೆಲವರು ಲೋಕದ ಮೇಲೆ ಮುನಿಸಿಕೊಂಡು ಕಹಿಯಾಗುತ್ತಾರೆ. ಕೆಲವರು ಲೋಕವನ್ನು ಚೆನ್ನಾಗಿ ನೋಡಿ, ಅದರ ಸೋಗುಗಳನ್ನು ಗುರುತಿಸಿ, ಒಳಗೊಳಗೇ ನಗುವುದನ್ನು ಕಲಿಯುತ್ತಾರೆ.

ಎಸ್.ಎಸ್.ಎಲ್.ಸಿ. ವರೆಗೆ ಓದಿದ ಭೀಮಸೇನರಾಯರು ಪೊಲೀಸು ಇಲಾಖೆಯ ಕಚೇರಿಯಲ್ಲಿ ಕೆಲಸ ಹಿಡಿದರು. ಲಾಠಿ ಹಿಡಿಯುವ ಕೆಲಸವಲ್ಲ, ಲೇಖನಿ ಹಿಡಿಯುವ ಕೆಲಸ. ಮನುಷ್ಯಸ್ವಭಾವವನ್ನು ಓದಲು ಪೊಲೀಸು ಕಚೇರಿಗಿಂತ ದೊಡ್ಡ ಪಾಠಶಾಲೆ ಬೇರೆ ಬೇಕೇ? ಕದ್ದವನೂ ಅಲ್ಲಿಗೇ ಬರುತ್ತಾನೆ, ಕಳಕೊಂಡವನೂ ಅಲ್ಲಿಗೇ ಬರುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಾರೆ. ದೊಡ್ಡವರೆನಿಸಿಕೊಂಡವರ ಸಣ್ಣತನವೂ, ಸಣ್ಣವರೆನಿಸಿಕೊಂಡವರ ದೊಡ್ಡತನವೂ ಅಲ್ಲಿನ ಕಡತಗಳಲ್ಲಿ ಹೂತಿರುತ್ತದೆ. ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುವ ನೌಕರನಿಗೆ ಬಾಯಿಬಿಟ್ಟು ನಗುವ ಹಕ್ಕಿಲ್ಲ. ಅಲ್ಲಿ ನುಂಗಿಕೊಂಡ ನಗೆಯೆಲ್ಲ ಮುಂದೆ ಅವರ ಪುಸ್ತಕಗಳಲ್ಲಿ ಹೊರಬಂತೆಂದು ನಾವು ತಿಳಿಯಬಹುದು.

ಕನ್ನಡಕ್ಕೆ ತಿರುಗಿದ ಮನಸ್ಸು

ಕನ್ನಡದ ಈ ಹಾಸ್ಯಗಾರರಿಗೆ ಮೊದಮೊದಲು ಕನ್ನಡವೆಂದರೆ ಅಸಡ್ಡೆಯಿತ್ತು ಎಂದರೆ ನಂಬುವುದು ಕಷ್ಟ. ಆ ಕಾಲದಲ್ಲಿ ಇಂಗ್ಲಿಷು ಕಲಿತ ತರುಣರಿಗೆ ಅದೊಂದು ರೋಗವೇ ಆಗಿತ್ತು. ಕನ್ನಡದಲ್ಲಿ ಓದಲು ಏನಿದೆ ಎಂಬುದು ಅವರ ವಾದ. ಭೀಮಸೇನರಾಯರೂ ಇಂಗ್ಲಿಷು ಪುಸ್ತಕಗಳಲ್ಲೇ ಮುಳುಗಿದ್ದರು. ಹೀಗಿರುವಾಗ ಒಮ್ಮೆ ಓದಲು ಬೇರೇನೂ ಸಿಗದೆ ಅ.ನ.ಕೃಷ್ಣರಾಯರ ಸಂಧ್ಯಾರಾಗ ಎಂಬ ಕಾದಂಬರಿಯನ್ನು ಕೈಗೆತ್ತಿಕೊಂಡರಂತೆ. ಸಂಗೀತಗಾರನೊಬ್ಬನ ಬಾಳನ್ನು ಚಿತ್ರಿಸುವ ಆ ಕಾದಂಬರಿ 1935ರಲ್ಲಿ ಬಂದುದು. ಮನಸ್ಸಿಲ್ಲದ ಮನಸ್ಸಿನಿಂದ ತೆರೆದ ಪುಸ್ತಕ ಅವರನ್ನು ಹಿಡಿದು ಅಲುಗಾಡಿಸಿತು. ತನ್ನ ಮನೆಯ ಮಾತಿನಲ್ಲಿಯೇ ಇಷ್ಟು ಕಸುವಿದೆಯೆಂದು ತಿಳಿದ ಮೇಲೆ ಅವರು ಹಿಂದೆ ನೋಡಲಿಲ್ಲ. ಅ.ನ.ಕೃ. ಅವರನ್ನು ಗುರುವೆಂದು ಭಾವಿಸಿದರು.

ಈ ಸಂಗತಿಯನ್ನು ನಾವು ಬೇಕೆಂದೇ ಒತ್ತಿ ಹೇಳುತ್ತಿದ್ದೇವೆ. ಕನ್ನಡವನ್ನು ಬಿಟ್ಟುಹೋದ ಮಗುವೊಂದು ಒಂದೇ ಒಂದು ಒಳ್ಳೆಯ ಪುಸ್ತಕದಿಂದ ಮರಳಿ ಬರಬಹುದು. ಗಡಿನಾಡಿನ ತಂದೆ ತಾಯಿಯರು ಇದನ್ನು ಮರೆಯಬಾರದು.

ಹೆಸರಿನಲ್ಲಿಯೇ ನಗೆ

ಬರವಣಿಗೆಗೆ ಇಳಿದಾಗ ಭೀಮಸೇನರಾಯರು ಬೀಚಿ ಎಂಬ ಕಾವ್ಯನಾಮ ಇಟ್ಟುಕೊಂಡರು. ಅದನ್ನು ಬರೆಯುವ ರೀತಿಯೂ ವಿಚಿತ್ರ. ಮೊದಲಕ್ಷರ ಕನ್ನಡದಲ್ಲಿ, ಎರಡನೆಯದು ಇಂಗ್ಲಿಷಿನಲ್ಲಿ. ಎರಡು ಲಿಪಿಗಳನ್ನು ಒಂದೇ ಹೆಸರಿನ ನೊಗಕ್ಕೆ ಕಟ್ಟಿದ ಬರಹಗಾರರು ಕನ್ನಡದಲ್ಲಿ ಬೇರೆ ಯಾರಿದ್ದಾರೆ? ಕಚೇರಿಯಲ್ಲಿ ಇಂಗ್ಲಿಷು, ಮನೆಯಲ್ಲಿ ಕನ್ನಡ ಎಂದು ಎರಡು ತುಂಡಾಗಿದ್ದ ತಮ್ಮ ಪೀಳಿಗೆಯ ಬಾಳನ್ನೇ ಅವರು ಸಹಿಯಲ್ಲಿ ತೋರಿಸಿಬಿಟ್ಟರು ಎನ್ನಬಹುದು.

ಬಳ್ಳಾರಿಯ ರೈತ ಪತ್ರಿಕೆಯಲ್ಲಿ ಬೇವಿನಕಟ್ಟೆ ತಿಂಮ ಎಂಬ ಅಂಕಣ, ಹುಬ್ಬಳ್ಳಿಯ ವಿಶಾಲ ಕರ್ನಾಟಕದಲ್ಲಿ ಕೆನೆಮೊಸರು ಎಂಬ ಅಂಕಣ, ಹೀಗೆ ಅವರ ಬರಹ ಮನೆಮನೆಗೆ ತಲುಪಿತು. ಬೇವಿನಕಟ್ಟೆ ಎಂಬ ಹೆಸರನ್ನು ಗಮನಿಸಬೇಕು. ನಮ್ಮಲ್ಲಿ ಅಶ್ವತ್ಥಕಟ್ಟೆ ಇದ್ದಂತೆ ಆ ಬಯಲುಸೀಮೆಯ ಹಳ್ಳಿಗಳಲ್ಲಿ ಬೇವಿನಮರದ ಕಟ್ಟೆ. ಉರಿಬಿಸಿಲಿನಲ್ಲಿ ತಂಪಾದ ಜಾಗವೆಂದರೆ ಅದೊಂದೇ. ಕೆಲಸದಿಂದ ನಿವೃತ್ತರಾದ ಮುದುಕರು ಕುಳಿತು ಹೊತ್ತು ಕಳೆಯುವುದೂ ಅಲ್ಲಿಯೇ. ಎಲೆ ಕಹಿ, ನೆರಳು ತಂಪು. ಬೀಚಿಯವರ ಹಾಸ್ಯಕ್ಕೆ ಇದಕ್ಕಿಂತ ಒಪ್ಪುವ ಹೋಲಿಕೆ ಸಿಗಲಾರದು.

ಆ ಕಟ್ಟೆಯ ಮೇಲೆ ಕುಳಿತ ತಿಂಮನು ಬೀಚಿಯವರ ಅತಿ ದೊಡ್ಡ ಸೃಷ್ಟಿ. ಡಿ.ವಿ.ಗುಂಡಪ್ಪನವರ ಮಂಕುತಿಮ್ಮನು ಬಾಳಿನ ಒಗಟನ್ನು ಬಿಡಿಸಲು ಕುಳಿತ ಜ್ಞಾನಿಯಾದರೆ, ಬೀಚಿಯವರ ತಿಂಮನು ಸಂತೆಯ ನಡುವೆ ಓಡಾಡುವ ಸಾಮಾನ್ಯ. ಒಮ್ಮೆ ಪೆದ್ದನಂತೆ ಕಾಣುತ್ತಾನೆ, ಮರುಕ್ಷಣ ಊರಿನ ಜಾಣರನ್ನೆಲ್ಲ ಪೆದ್ದರನ್ನಾಗಿ ಮಾಡುತ್ತಾನೆ. ತಿಂಮನ ತಲೆ, ಅಂದನಾ ತಿಂಮ, ಬೆಳ್ಳಿ ತಿಂಮ ನೂರೆಂಟು ಹೇಳಿದ ಮೊದಲಾದ ಪುಸ್ತಕಗಳಲ್ಲಿ ಅವನದೇ ಆಳ್ವಿಕೆ. ನಿಘಂಟನ್ನೇ ತಲೆಕೆಳಗು ಮಾಡಿ, ಶಬ್ದಗಳಿಗೆ ತಿಂಮನ ಅರ್ಥ ಕೊಡುವ ತಿಂಮಿಕ್ಷನರಿ ಎಂಬ ಪುಸ್ತಕವನ್ನೂ ಅವರು ಬರೆದರು.

ಆದರೆ ಬೀಚಿ ಬರಿಯ ನಗೆಹನಿಗಳ ಬರಹಗಾರರಲ್ಲ. ದಾಸಕೂಟ, ಸತಿ ಸೂಳೆ, ಸರಸ್ವತಿ ಸಂಹಾರ, ಖಾದಿ ಸೀರೆ, ಬೆಂಗಳೂರು ಬಸ್ಸು ಮೊದಲಾಗಿ ಹತ್ತಾರು ಪುಸ್ತಕಗಳು ಅವರ ಲೇಖನಿಯಿಂದ ಬಂದವು. ಮಡಿಯ ಹೆಸರಿನಲ್ಲಿ ನಡೆಯುವ ಕಪಟ, ಹೆಣ್ಣಿನ ಮೇಲೆ ಮನೆಯೊಳಗೇ ಆಗುವ ಅನ್ಯಾಯ, ದೇಶಸೇವೆಯ ಸೋಗಿನ ರಾಜಕಾರಣ, ಇವು ಅವರ ಗುರಿ. ಕೆಲವರು ಅವರನ್ನು ಕನ್ನಡದ ಬರ್ನಾರ್ಡ್ ಷಾ ಎಂದು ಕರೆದುದೂ ಉಂಟು. ಅವರ ಲೇಖನಿಗೆ ಸಿಕ್ಕಿ ನೊಂದವರೂ ಇಲ್ಲದಿಲ್ಲ. ಮಾತು ಕೆಲವೊಮ್ಮೆ ಒರಟಾಗುತ್ತದೆ, ಕೆಲವು ಚಟಾಕಿಗಳು ಇಂದಿನ ಓದುಗರಿಗೆ ಹಳತೆನಿಸಬಹುದು. ಆದರೂ ಅವರ ಕೋಪ ಬಲಾಢ್ಯರ ಕಡೆಗೇ ಹೊರತು ಬಡಪಾಯಿಗಳ ಕಡೆಗಲ್ಲ ಎಂಬುದನ್ನು ಯಾರೂ ಒಪ್ಪಬೇಕು.

ಪ್ರಾಯ ಮಾಗಿದಂತೆ

ಮುಂದೆ ಬೀಚಿಯವರು ಬೆಂಗಳೂರಿನಲ್ಲಿ ನೆಲೆಸಿದರು. 1965ರಲ್ಲಿ ಸುಧಾ ವಾರಪತ್ರಿಕೆ ಆರಂಭವಾದಾಗ ಅವರಿಗೆ ಐವತ್ತು ಕಳೆದಿತ್ತು. ಸರಕಾರಿ ನೌಕರರು ಪಿಂಚಣಿಯ ಲೆಕ್ಕ ಹಾಕುವ ಪ್ರಾಯ ಅದು. ಸುಧಾದಲ್ಲಿ ಅವರು ನಡೆಸಿದ ನೀವು ಕೇಳಿದಿರಿ ಎಂಬ ಪ್ರಶ್ನೋತ್ತರದ ಅಂಕಣ ಅವರನ್ನು ನಾಡಿನ ಮೂಲೆಮೂಲೆಗೂ ಪರಿಚಯಿಸಿತು. ಓದುಗರು ಕಾಗದದಲ್ಲಿ ಪ್ರಶ್ನೆ ಬರೆದು ಕಳಿಸುವುದು, ಬೀಚಿಯವರು ಒಂದೆರಡು ಸಾಲಿನಲ್ಲಿ ಉತ್ತರಿಸುವುದು. ವಾರಪತ್ರಿಕೆ ಮನೆಗೆ ಬಂದೊಡನೆ ಮೊದಲು ಆ ಪುಟವನ್ನೇ ತೆರೆಯುತ್ತಿದ್ದವರು ನಮ್ಮ ಕಡೆಯೂ ಇದ್ದರು. ಮನೆಯಲ್ಲಿ ಒಬ್ಬರು ಓದಿ ಹೇಳುವುದು, ಉಳಿದವರು ನಗುವುದು, ಕಿವಿ ಮಂದವಾದ ಅಜ್ಜನಿಗಾಗಿ ಇನ್ನೊಮ್ಮೆ ಜೋರಾಗಿ ಓದುವುದು, ಅವರು ಎಲ್ಲರೂ ನಕ್ಕು ಮುಗಿಸಿದ ಮೇಲೆ ತಾವೊಬ್ಬರೇ ನಗುವುದು, ಇಂತಹ ಸಂಜೆಗಳು ಆ ಕಾಲದ ಕನ್ನಡ ಮನೆಗಳಲ್ಲಿ ಸಾಮಾನ್ಯವಾಗಿದ್ದವು.

ಅವರ ಪ್ರಶ್ನೋತ್ತರಗಳ ಪುಸ್ತಕಕ್ಕೆ ಉತ್ತರಭೂಪ ಎಂದು ಹೆಸರು. ಯಕ್ಷಗಾನ ನೋಡಿ ಬೆಳೆದ ನಮ್ಮವರಿಗೆ ಈ ಹೆಸರಿನ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ವಿರಾಟನ ಮಗ ಉತ್ತರಕುಮಾರನು ಅಂತಃಪುರದಲ್ಲಿ ಪೌರುಷ ಕೊಚ್ಚಿ, ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದವನು. ಉತ್ತರ ಹೇಳುವವನೂ ಉತ್ತರನೇ. ಇಡೀ ನಾಡಿಗೆ ಬುದ್ಧಿ ಹೇಳುವ ಪೀಠದಲ್ಲಿ ಕುಳಿತ ಮನುಷ್ಯ ತನ್ನನ್ನು ಉತ್ತರಕುಮಾರನಿಗೆ ಹೋಲಿಸಿಕೊಂಡು ನಕ್ಕುಬಿಟ್ಟ. ಹಾಗೆಯೇ ತಮ್ಮ ಬಾಳಿನ ಕಥೆಯನ್ನು ಬರೆದಾಗ ಅದಕ್ಕೆ ನನ್ನ ಭಯಾಗ್ರಫಿ ಎಂದು ಹೆಸರಿಟ್ಟರು. ಇಂಗ್ಲಿಷಿನ ಬಯಾಗ್ರಫಿಗೆ ಒಂದು ಭಯವನ್ನು ಸೇರಿಸಿದರೆ ಸಾಕು, ಕಥೆ ಪೂರ್ತಿಯಾಯಿತು. ಪ್ರಾಯ ಸಂದಂತೆ ನಮ್ಮಲ್ಲಿ ಹೆಚ್ಚಿನವರು ತಮ್ಮ ಗತವೈಭವವನ್ನು ಹೇಳಿಕೊಳ್ಳುತ್ತೇವೆ. ಬೀಚಿಯವರು ತಮ್ಮ ಭಯವನ್ನು ಹೇಳಿಕೊಂಡರು. ಹೇಳಿಕೊಂಡುದರಿಂದ ಆ ಭಯ ನಗೆಯ ವಸ್ತುವಾಯಿತು.

ಇದೇ ಬೀಚಿಯವರ ಬಾಳಿನ ತಿರುಳೆಂದು ನಮ್ಮ ಅಭಿಪ್ರಾಯ. ನಗುವವರ ಮುಂದೆ ಎಡವಿ ಬಿದ್ದಂತೆ ಎಂದು ಗಾದೆಯುಂಟು. ಮುಪ್ಪಿನಲ್ಲಿ ಎಡವುವುದು ತಪ್ಪದು. ಕನ್ನಡಕ ಹಣೆಯ ಮೇಲಿರುವಾಗಲೇ ಮನೆಯೆಲ್ಲ ಹುಡುಕುತ್ತೇವೆ, ಮೊಮ್ಮಗನನ್ನು ಮಗನ ಹೆಸರಿನಿಂದ ಕರೆಯುತ್ತೇವೆ, ಹೇಳಿದ ಕಥೆಯನ್ನೇ ಮತ್ತೆ ಹೇಳುತ್ತೇವೆ. ಇತರರು ನಗುತ್ತಾರೆಂದು ಮುನಿಸಿಕೊಂಡರೆ ಬಿದ್ದ ನೋವಿಗೆ ಅವಮಾನದ ನೋವೂ ಸೇರಿತು. ಎಡವಿದವನೇ ಮೊದಲು ನಕ್ಕರೆ ಅವಮಾನಕ್ಕೆ ಎಡೆಯೆಲ್ಲಿ? ಇತರರು ತನ್ನನ್ನು ನೋಡಿ ನಗುವುದು ಬೇರೆ, ತನ್ನೊಡನೆ ಕೂಡಿ ನಗುವುದು ಬೇರೆ. ಮೊದಲನೆಯದನ್ನು ಎರಡನೆಯದನ್ನಾಗಿ ಮಾಡುವ ಕೀಲಿಕೈ ನಮ್ಮಲ್ಲಿಯೇ ಇದೆ.

ವೈದ್ಯರ ಮಾತು

ನಗುವು ದೇಹಕ್ಕೂ ಹಿತವೆಂಬುದನ್ನು ಬೀಚಿಯವರ ಕಾಲದಲ್ಲಿಯೇ ಕನ್ನಡಿಗರಿಗೆ ತೋರಿಸಿಕೊಟ್ಟವರು ಒಬ್ಬ ವೈದ್ಯರು. ರಾಶಿ ಎಂಬ ಕಾವ್ಯನಾಮದ ಡಾಕ್ಟರ್ ಎಂ. ಶಿವರಾಮ್ ಅವರು 1942ರಲ್ಲಿ ಬೆಂಗಳೂರಿನಲ್ಲಿ ಕೊರವಂಜಿ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿ 1967ರ ವರೆಗೆ ನಡೆಸಿದರು. ಮುಂದೆ ಜಗತ್ಪ್ರಸಿದ್ಧರಾದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣರು ತಮ್ಮ ಎಳೆಯ ಪ್ರಾಯದಲ್ಲಿ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಹಗಲು ಮದ್ದು ಕೊಡುವ ವೈದ್ಯರು ತಿಂಗಳಿಗೊಮ್ಮೆ ನಗೆಯನ್ನೂ ಕೊಟ್ಟರು.

ಕೊರವಂಜಿಯ ಬಳಗದ ನಾ. ಕಸ್ತೂರಿಯವರ ನೆನಪೂ ಇಲ್ಲಿ ಬರುತ್ತದೆ. 1897ರಲ್ಲಿ ಕೊಚ್ಚಿಯ ಬಳಿಯ ತೃಪ್ಪೂಣಿತುರದಲ್ಲಿ ಹುಟ್ಟಿದ ಅವರ ಮನೆಮಾತು ಮಲಯಾಳ. ಮೈಸೂರಿಗೆ ಅಧ್ಯಾಪಕರಾಗಿ ಬಂದು, ಕನ್ನಡ ಕಲಿತು, ಕನ್ನಡಿಗರನ್ನೇ ಕನ್ನಡದಲ್ಲಿ ನಗಿಸಿದರು. ತಿಂಮಿಕ್ಷನರಿಯ ಜಾತಿಗೇ ಸೇರಿದ ಅನರ್ಥಕೋಶ ಅವರದು. ಬಾಳಿನ ಕೊನೆಯ ಭಾಗವನ್ನು ಆಂಧ್ರದ ಪುಟ್ಟಪರ್ತಿಯಲ್ಲಿ ಕಳೆದು, 1987ರಲ್ಲಿ ತೊಂಬತ್ತರ ಹೊಸ್ತಿಲಲ್ಲಿ ತೀರಿಕೊಂಡರು. ಮಲಯಾಳದ ಮನೆಯಲ್ಲಿ ಹುಟ್ಟಿದವರು ಕನ್ನಡದಲ್ಲಿ ಇಷ್ಟು ನಗಿಸಬಲ್ಲರಾದರೆ, ಭಾಷೆಗಳ ನಡುವಿನ ಗೋಡೆ ನಾವು ಎಣಿಸಿದಷ್ಟು ಎತ್ತರವಿಲ್ಲವೆಂದು ಕಾಸರಗೋಡಿನ ನಾವು ನೆಮ್ಮದಿಪಡಬಹುದು.

ಹೊರದೇಶಗಳಲ್ಲಿಯೂ ಈ ಕುರಿತು ವಿಚಾರ ನಡೆದಿದೆ. ಅಮೆರಿಕದ ಪತ್ರಕರ್ತ ನಾರ್ಮನ್ ಕಸಿನ್ಸ್ ಅವರು 1964ರಲ್ಲಿ ಬೆನ್ನುಹುರಿಯ ಗಂಟುಗಳ ಕಠಿನ ಬೇನೆಯಿಂದ ಮಲಗಿದಾಗ ನಗೆಯ ಚಲನಚಿತ್ರಗಳನ್ನು ನೋಡಿ ನಕ್ಕು, ಆ ನಗೆಯ ಬಳಿಕ ನೋವಿಲ್ಲದೆ ಸ್ವಲ್ಪ ಹೊತ್ತು ನಿದ್ರಿಸಲು ಸಾಧ್ಯವಾಯಿತೆಂದು ಬರೆದರು. 1979ರಲ್ಲಿ ಅವರ ಪುಸ್ತಕ ಬಂತು. ನಮ್ಮ ದೇಶದಲ್ಲಿ 1995ರಲ್ಲಿ ಡಾಕ್ಟರ್ ಮದನ್ ಕಟಾರಿಯಾ ಅವರು ಮುಂಬಯಿಯ ಉದ್ಯಾನವೊಂದರಲ್ಲಿ ಐದು ಮಂದಿಯೊಡನೆ ನಗೆಕೂಟವನ್ನು ಆರಂಭಿಸಿದರು. ಮೊದಲು ಅವರು ಒಬ್ಬರಿಗೊಬ್ಬರು ಹಾಸ್ಯ ಹೇಳಿಕೊಂಡು ನಗುತ್ತಿದ್ದರಂತೆ. ಕೆಲವೇ ದಿನಗಳಲ್ಲಿ ಒಳ್ಳೆಯ ಹಾಸ್ಯಗಳು ಮುಗಿದು, ಇತರರನ್ನು ನೋಯಿಸುವ ಹಾಸ್ಯಗಳು ತಲೆಹಾಕಿದವು. ಆಗ ಕಾರಣವಿಲ್ಲದೆ ನಗುವ ಅಭ್ಯಾಸವನ್ನು ರೂಢಿಸಿಕೊಂಡರು. ಈಗ ಮೇ ತಿಂಗಳ ಮೊದಲ ಭಾನುವಾರವನ್ನು ವಿಶ್ವ ನಗೆ ದಿನವೆಂದು ಆಚರಿಸುವುದುಂಟು. 2011ರಲ್ಲಿ ಪ್ರಕಟವಾದ ಆಕ್ಸ್‌ಫರ್ಡಿನ ಪರೀಕ್ಷೆಯೊಂದರಲ್ಲಿ, ಗುಂಪಿನಲ್ಲಿ ಮನಸಾರೆ ನಕ್ಕವರು ನೋವನ್ನು ಹೆಚ್ಚು ತಾಳಿಕೊಂಡರೆಂದು ಕಂಡುಬಂತು. ನಗುವಾಗ ಎದೆ ಹೊಟ್ಟೆಗಳ ಸ್ನಾಯುಗಳು ಅಲುಗಿ, ಉಸಿರು ಆಳವಾಗಿ, ಬಳಿಕ ಮೈ ಸಡಿಲವಾಗುವುದು ನಮ್ಮೆಲ್ಲರ ಅನುಭವ.

ಹಾಗೆಂದು ನಗು ಸರ್ವರೋಗಕ್ಕೆ ಮದ್ದೆಂದು ಯಾರೂ ತಿಳಿಯಬಾರದು. ರಕ್ತದೊತ್ತಡದ ಮಾತ್ರೆಯನ್ನು ಬಿಟ್ಟು ನಗೆಕೂಟಕ್ಕೆ ಹೋಗುವುದು ಜಾಣತನವಲ್ಲ. ಬೀಚಿಯವರೇ ಬಹಳ ಕಾಲ ಬಾಳಲಿಲ್ಲ. 1980ರ ಡಿಸೆಂಬರ್ 7ರಂದು, ಅರುವತ್ತೇಳರ ಪ್ರಾಯದಲ್ಲಿ ಅವರು ತೀರಿಕೊಂಡರು. ನಗು ಆಯುಷ್ಯವನ್ನು ಉದ್ದ ಮಾಡುತ್ತದೆಯೋ ಇಲ್ಲವೋ, ಇರುವ ಆಯುಷ್ಯದ ಹೊರೆಯನ್ನು ಹಗುರ ಮಾಡುವುದಂತೂ ನಿಜ. ಅನಾಥ ಬಾಲ್ಯದಿಂದ ಹೊರಟು ಲಕ್ಷಾಂತರ ಜನರ ಮುಖದಲ್ಲಿ ನಗೆ ಮೂಡಿಸಿ ಹೋದ ಬಾಳಿಗೆ ಅರುವತ್ತೇಳು ವರ್ಷ ಕಡಿಮೆಯೆಂದು ಹೇಳುವಂತಿಲ್ಲ.

ಬಿಟ್ಟುಹೋದ ಆಸ್ತಿ

ಬೀಚಿಯವರ ಪುಸ್ತಕಗಳು ಇಂದಿಗೂ ಮರುಮುದ್ರಣವಾಗುತ್ತಿವೆ. ಗಂಗಾವತಿಯ ಪ್ರಾಣೇಶರಂತಹ ಹಾಸ್ಯ ಭಾಷಣಕಾರರು ಬೀಚಿಯವರ ನಗೆಯನ್ನು ವೇದಿಕೆಯ ಮೇಲೆ ತಂದು ಹೊಸ ಪೀಳಿಗೆಗೆ ಮುಟ್ಟಿಸಿದ್ದಾರೆ. ಅವರ ಹುಟ್ಟೂರು ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ, ಅಲ್ಲಿಂದ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಎಂದು ಜಿಲ್ಲೆಯಿಂದ ಜಿಲ್ಲೆಗೆ ಅಲೆಯಿತು. ತಿಂಮನು ಬದುಕಿದ್ದರೆ ಇದಕ್ಕೂ ಒಂದು ಅರ್ಥ ಹೇಳದೆ ಬಿಡುತ್ತಿರಲಿಲ್ಲ.

ಆದರೆ ಆದವಾನಿಯ, ಆಲೂರಿನ ಕನ್ನಡ ಮನೆಗಳಲ್ಲಿ ಈ ನಗೆಯ ಗತಿಯೇನು ಎಂದು ನಾವು ಯೋಚಿಸಬೇಕಾಗಿದೆ. ಅದು ನಮ್ಮ ಪ್ರಶ್ನೆಯೂ ಹೌದು. ಅಲ್ಲಿನ ಅಜ್ಜ ಕನ್ನಡದಲ್ಲಿ ಒಂದು ಚಟಾಕಿ ಹಾರಿಸುತ್ತಾನೆ. ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಓದುತ್ತಿರುವ ಮೊಮ್ಮಗ ಮುಖ ಮುಖ ನೋಡುತ್ತಾನೆ. ಇಲ್ಲಿ ನಮ್ಮ ಮನೆಗಳಲ್ಲಿ ತೆಲುಗಿನ ಬದಲು ಮಲಯಾಳ, ಅಷ್ಟೇ ಭೇದ. ಊಟಕ್ಕೆ ಬಾ, ಬಾಗಿಲು ಹಾಕು ಎನ್ನುವಷ್ಟು ಕನ್ನಡ ಎಲ್ಲ ಮಕ್ಕಳಿಗೂ ಬರುತ್ತದೆ. ಆದರೆ ಮಾತಿನೊಳಗಿನ ಮಾತು ಹೊಳೆಯಬೇಕಾದರೆ ಅಷ್ಟು ಸಾಲದು. ಕಥೆಯನ್ನು ಅನುವಾದ ಮಾಡಬಹುದು, ಕಾನೂನನ್ನು ಅನುವಾದ ಮಾಡಬಹುದು. ಶಬ್ದದ ಹೊರಳಿನಲ್ಲಿರುವ ನಗೆಯನ್ನು ಬಿಡಿಸಿ ವಿವರಿಸಿದರೆ ಅರ್ಥ ಉಳಿಯುತ್ತದೆ, ನಗು ಹೋಗುತ್ತದೆ.

ಮೊಮ್ಮಗ ನಗದಿದ್ದರೆ ಅಜ್ಜ ಎರಡನೆಯ ಸಲ ಹೇಳುತ್ತಾನೆ, ಮೂರನೆಯ ಸಲ ಹೇಳುವುದಿಲ್ಲ. ಮೆಲ್ಲಮೆಲ್ಲನೆ ಮೌನಿಯಾಗುತ್ತಾನೆ. ನಾವು ಅದನ್ನು ಮುಪ್ಪೆಂದು ತಿಳಿದು ಮದ್ದಿನ ಅಂಗಡಿಗೆ ಓಡುತ್ತೇವೆ. ಮೈಯ ಮುಪ್ಪಿಗಿಂತ ಈ ಮೌನದ ಮುಪ್ಪು ಹೆಚ್ಚು ಭಾರವಾದುದು. ಅದಕ್ಕೆ ಮದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮ ಯಕ್ಷಗಾನದ ಬಯಲಾಟದಲ್ಲಿ ಹಾಸ್ಯಗಾರನ ಮಾತಿಗೆ ಮಕ್ಕಳೂ ಮುದುಕರೂ ಒಂದೇ ಕ್ಷಣದಲ್ಲಿ ನಗುತ್ತಿದ್ದುದನ್ನು ನೆನೆಯಿರಿ. ಮೂರು ತಲೆಮಾರುಗಳನ್ನು ಒಂದೇ ಚಾಪೆಯ ಮೇಲೆ ಕೂರಿಸಿ ಒಟ್ಟಿಗೆ ನಗಿಸುವ ಶಕ್ತಿ ಒಂದೇ ಭಾಷೆಯಲ್ಲಿ ಬೇರೂರಿದ ಮನೆಗೆ ಮಾತ್ರ ಉಂಟು.

ಮಕ್ಕಳಿಗೆ ಕನ್ನಡ ಕಲಿಸಬೇಕೆನ್ನುವಾಗ ನಾವು ಸಂಸ್ಕೃತಿ, ಪರಂಪರೆ, ಹಕ್ಕು ಎಂಬ ದೊಡ್ಡ ಮಾತುಗಳನ್ನು ಆಡುತ್ತೇವೆ. ಅವೆಲ್ಲ ಸರಿಯೇ. ಅವುಗಳ ಜತೆಗೆ ಒಂದು ಸಣ್ಣ ಕಾರಣವನ್ನೂ ಸೇರಿಸಿಕೊಳ್ಳೋಣ: ಮನೆಯ ಹಿರಿಯರು ಹಾಸ್ಯ ಹೇಳಿದಾಗ ನಗಲು ಯಾರಾದರೂ ಬೇಕು. ದಿನಕ್ಕೆ ಕಾಲು ಗಂಟೆ, ರಾತ್ರಿಯ ಊಟಕ್ಕೆ ಮುಂಚೆ, ಬೀಚಿಯವರದೋ ಕಸ್ತೂರಿಯವರದೋ ರಾಶಿಯವರದೋ ಒಂದು ಪುಟವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ತಪ್ಪಿ ಓದಿದರೆ ಅದಕ್ಕೂ ನಗಬಹುದು, ಮಗುವೂ ಕೂಡಿ ನಗುವಂತಿರಬೇಕು, ಅಷ್ಟೇ. ಮಗುವಿಗೆ ಕನ್ನಡ ಬಂದಂತಾಯಿತು, ಅಜ್ಜ ಅಜ್ಜಿಯರಿಗೆ ಮದ್ದು ಕೊಟ್ಟಂತಾಯಿತು. ಹರಪನಹಳ್ಳಿಯಲ್ಲಿ ಹೆತ್ತವರಿಲ್ಲದೆ ಬೆಳೆದ ಆ ಹುಡುಗ ಕೂಡಿಟ್ಟುಹೋದ ಆಸ್ತಿಗೆ ಗಡಿಯ ಈಚೆಯ ನಾವೂ ವಾರಸುದಾರರು. ಅದನ್ನು ಬಳಸದೆ ಬಿಟ್ಟರೆ ನಷ್ಟ ನಮ್ಮದೇ.